ಬೇಕರಿ ಮೂಲೆಯ ವಾಸನೆ

ನನ್ನ ಯಜಮಾನರು ತೀರಿಕೊಂಡ ವರ್ಷ ನಮ್ಮ ಬೀದಿಗೆ ಗ್ಯಾಸಿನ ಕೊಳವೆ ಬಂತು. ಅದನ್ನು ಪರೀಕ್ಷಿಸಲು ಬಂದವನು ಹೊಸ್ತಿಲಾಚೆ ನಿಂತೇ ಹೇಳಿದ:

"ಅಕ್ಕ, ಹಾಲು ತಳ ಹಿಡೀತಿದೆ."

ಓಡಿಹೋಗಿ ನೋಡಿದೆ. ನಿಜವಾಗಿತ್ತು.

"ಏನಪ್ಪಾ, ನಾಯಿಗಿಂತ ಚುರುಕು ನಿನ್ನ ಮೂಗು."

"ನಾಯಿಗೆ ಸಂಬಳ ಇಲ್ಲ ಅಕ್ಕ, ಅಷ್ಟೇ ವ್ಯತ್ಯಾಸ."

ಅವನ ಕೈಯಲ್ಲಿ ಸೋಪಿನ ನೀರಿನ ಸ್ಟೀಲ್ ಬಟ್ಟಲು, ಗಡ್ಡ ಹೆರೆಯುವ ಬ್ರಷ್ಷು. ಮೊದಲು ಮೂಸುವನು. ಅನುಮಾನ ಬಂದ ಕಡೆ ನೊರೆ ಹಚ್ಚುವನು. ಗುಳ್ಳೆ ಉಬ್ಬಿದರೆ ಅಲ್ಲಿ ಗ್ಯಾಸ್ ಸೋರುತ್ತಿದೆ ಎಂದು ಲೆಕ್ಕ. ಬೀದಿಯವರು ಅವನನ್ನು ಸೋಪಣ್ಣ ಎಂದೇ ಕರೆದರು. ಅವನ ಹೆಣ್ಣುಮಕ್ಕಳ ಓದು, ಹಾಸಿಗೆ ಹಿಡಿದ ತಾಯಿಯ ಔಷಧಿ, ಎಲ್ಲವೂ ಆ ಮೂಗಿನ ಮೇಲೆ ನಿಂತಿತ್ತು.

ಈಚೆಗೆ ಊರು ಎರಡು ಹೋಳಾಯಿತು. ಗ್ಯಾಸ್ ಇರಲಿ, ಉಳಿದ ಬೀದಿಗಳಿಗೂ ಕೊಳವೆ ಹಾಕೋಣ ಎಂದು ಒಂದು ಪಕ್ಷ. ಕೊಳವೆ ಅಗೆದು ಬಿಸಾಡೋಣ, ತಾರಸಿಗೆ ಸೋಲಾರ್, ಗುಡ್ಡಕ್ಕೆ ಗಾಳಿಯಂತ್ರ ಎಂದು ಇನ್ನೊಂದು. ನಗರಸಭೆಯ ಚುನಾವಣೆ ಇದರ ಮೇಲೆಯೇ ನಡೆಯುವುದಿತ್ತು. ಸೋರಿಕೆ ಹಿಡಿಯುವ ಮೆಷಿನ್ ಕೂಗಿದರೆ ಜನ ಸೇರುತ್ತಾರೆ, ಎದುರು ಪಕ್ಷದವರು ಫೋಟೋ ತೆಗೆಯುತ್ತಾರೆ ಎಂದು ಕಂಪನಿಯ ಸೂಪರ್‌ವೈಸರ್ ಅದನ್ನು ಒಳಗಿಟ್ಟು ಬೀಗ ಹಾಕಿದ. "ಓಟು ಮುಗಿಯೋವರೆಗೆ ಮೂಗಲ್ಲೇ ನೋಡು," ಎಂದನಂತೆ.

ಆ ವಾರ ಒಂದು ದಿನ ನಾನು ಬಟ್ಟೆ ಹರವಿ ಒಳಗೆ ಬಂದೆ. ಒಲೆಯ ಮೇಲೆ ಹಾಲು ಕರಕಲಾಗಿ ಸೀದ ನಾತ ಮನೆ ತುಂಬಿತ್ತು. ಪರೀಕ್ಷೆಗೆ ಬಂದಿದ್ದ ಸೋಪಣ್ಣ ಅದಕ್ಕೆ ಬೆನ್ನು ಹಾಕಿ ನೀರು ಕುಡಿಯುತ್ತ ಕೂತಿದ್ದ. ನಾನು ಒಲೆ ಆರಿಸಿದೆ.

"ಯಾವತ್ತಿಂದ?" ಎಂದೆ.

ಅವನು ತಿರುಗಿ ಪಾತ್ರೆ ನೋಡಿ ಬಿಳಿಚಿಕೊಂಡ. "ನಂಗೆ ಆ ಜ್ವರ ಬಂತಲ್ಲ ಅಕ್ಕ, ಅವತ್ತಿಂದ ವಾಸನೆನೇ ತಿಳಿಯಲ್ಲ. ಮಲ್ಲಿಗೆನೂ ಒಂದೇ, ಮೋರಿನೂ ಒಂದೇ. ಮೆಷಿನ್ ಇತ್ತು, ಹೇಗೋ ನಡೀತಿತ್ತು."

"ಹೇಳಬಾರದಾ?"

"ಹೇಳಿದ್ರೆ ಮನೆಗೆ ಕಳಿಸ್ತಾರೆ. ಹೇಳದೇ ಇದ್ರೆ ಯಾರ ಮನೆ ಹಾರಿಹೋಗುತ್ತೋ ಅಂತ ರಾತ್ರಿ ಕಣ್ಣು ಮುಚ್ಚಲ್ಲ. ನೀವು ಜೊತೇಲಿ ಬರ್ತೀರಾ?"

ತರಕಾರಿ ಚೀಲ ಹಿಡಿದು ಅವನ ಹಿಂದೆ ಹೊರಟೆ. ಕೊಳವೆಯ ಪ್ರತಿ ಕಬ್ಬಿಣದ ಮುಚ್ಚಳದ ಬಳಿಯೂ ಚಪ್ಪಲಿ ಸರಿಮಾಡಿಕೊಳ್ಳುವವಳಂತೆ ಬಗ್ಗಿ ಮೂಸುವೆ, ಇಲ್ಲ ಎಂದು ತಲೆಯಾಡಿಸುವೆ. ಆಮೇಲೆ ಅವನು ಉಸಿರು ಬಿಡುವನು. ಈ ವಯಸ್ಸಿನ ಮೂಗನ್ನು ನಂಬಿ ಇಡೀ ಬೀದಿ ಅಡುಗೆ ಮಾಡುತ್ತಿತ್ತು.

ಮತದಾನದ ಹಿಂದಿನ ದಿನ ಬೇಕರಿ ಮೂಲೆಯಲ್ಲಿ ಕೊಳೆತ ಮೊಟ್ಟೆಯ ವಾಸನೆ ಬಡಿಯಿತು. ತಲೆಯಾಡಿಸಲಾಗಲಿಲ್ಲ. ಅವನು ಗೋಡೆಯ ಬುಡದ ಕೊಳವೆಗೆ ನೊರೆ ಹಚ್ಚಿದ. ಗುಳ್ಳೆಗಳು ಕಪ್ಪೆಯ ಗಂಟಲಿನಂತೆ ಉಬ್ಬಿದವು. ಒಳಗೆ ಬೇಕರಿಯವನು ಬೆಂಕಿಪೊಟ್ಟಣ ಹಿಡಿದು ಒಲೆಯ ಮುಂದೆ ನಿಂತಿದ್ದ.

"ಹಚ್ಚಬೇಡಪ್ಪಾ, ಗ್ಯಾಸ್ ಸೋರ್ತಿದೆ," ಎಂದೆ.

"ಇದು ಯಾವ ಪಕ್ಷದ ವಾಸನೆ ಅಮ್ಮ?" ಬೇಕರಿಯವನು ನಕ್ಕ. ದಿನವಿಡೀ ಅಲ್ಲೇ ಇದ್ದು ಅವನ ಮೂಗಿಗೆ ಆ ವಾಸನೆ ತಿಳಿಯದಂತಾಗಿತ್ತು. "ನಿನ್ನೆ ಸೋಲಾರ್‌ನೋರೂ ಇದನ್ನೇ ಹೇಳಿ ಹೋದ್ರು."

"ಅವರು ಹೇಳೋದು ನಿಜಾನೇ. ಹಚ್ಚಬೇಡ," ಎಂದ ಸೋಪಣ್ಣ.

"ಓಹೋ, ನಿನ್ನನ್ನೂ ಕೊಂಡ್ಕೊಂಡ್ರಾ? ತಾಯಿ ಮೇಲೆ ಆಣೆ ಮಾಡಿ ಹೇಳು, ನಿನ್ನ ಮೂಗಿಗೆ ಬರ್ತಿದೆಯಾ?"

ಕಡ್ಡಿ ಆಗಲೇ ಪೊಟ್ಟಣದ ಮೇಲಿತ್ತು.

"ಇಲ್ಲ," ಎಂದ ಸೋಪಣ್ಣ. "ನನ್ನ ಮೂಗು ಸತ್ತು ತಿಂಗಳುಗಳಾದವು. ಮೂಗಿಲ್ಲದೇ ಸಂಬಳ ತಗೊಂಡಿದೀನಿ, ಹೋಗಿ ಕಂಪನಿಗೆ ಹೇಳು. ಆದ್ರೆ ಮೊದಲು ಹೊರಗೆ ಬಂದು ಈ ಗುಳ್ಳೆ ನೋಡು."

ತನ್ನ ಅನ್ನಕ್ಕೆ ತಾನೇ ಮಣ್ಣು ಹಾಕಿಕೊಂಡವನ ಮಾತು ಸುಳ್ಳಾಗಿರಲಾರದು ಎಂದುಕೊಂಡನೋ ಏನೋ, ಬೇಕರಿಯವನು ಪೊಟ್ಟಣ ಕೆಳಗಿಟ್ಟು ಹೊರಬಂದ. ಗುಳ್ಳೆ ನೋಡಿ ಗೋಡೆ ಹಿಡಿದುಕೊಂಡ. ಸೋಪಣ್ಣ ಬೀದಿಯ ವಾಲ್ವ್ ತಿರುಗಿಸಿದ. ಮನೆಮನೆಯ ಒಲೆಗಳು ಆರಿದವು.

ಕಂಪನಿ ಅವನನ್ನು ತೆಗೆದುಹಾಕಿತು. ಸೋಲಾರ್ ಪಕ್ಷ ಗೆದ್ದಿತು. ಗೆದ್ದವರ ಭಾಷಣದಲ್ಲಿ ಬೇಕರಿ ಮೂಲೆ ಬಂತು, ಅವನು ಬರಲಿಲ್ಲ. ಅಗೆಯುವ ಖರ್ಚು ಯಾರದು ಎಂಬ ಜಗಳ ಬಗೆಹರಿಯದೆ ಕೊಳವೆಗೆ ತೇಪೆ ಹಾಕಿ ಮತ್ತೆ ಗ್ಯಾಸ್ ಬಿಟ್ಟರು. ಮೆಷಿನ್ ಇನ್ನೂ ಬೀಗದೊಳಗಿತ್ತು.

ತಾಯಿಯನ್ನೂ ಮಕ್ಕಳನ್ನೂ ಕರೆದುಕೊಂಡು ಬೇರೆ ಊರಿಗೆ ಹೊರಡುವ ದಿನ ಸೋಪಣ್ಣ ಬಂದು ಬಟ್ಟಲು, ಬ್ರಷ್ಷನ್ನು ನನ್ನ ಕಟ್ಟೆಯ ಮೇಲಿಟ್ಟ. ಹೊಸ್ತಿಲು ದಾಟಿ ಹೋದವನು ತಿರುಗಿ ನಿಂತು ಕೇಳಿದ:

"ಅಕ್ಕ, ಬೇಕರಿಯವನು ಒಲೆ ಹಚ್ಚೋಕೆ ಮುಂಚೆ ದಿನಾ ಆ ಮೂಲೆಗೆ ಹೋಗಿ ಒಂದ್ಸಲ ಮೂಸಿ ನೋಡ್ತೀರಾ?"