ನಾಲ್ಕು ಬೆರಳಿನ ವೇಗ

ವಿಜಯನಗರದ ಆ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ನಾನು ಸೇರಿದ್ದು ಟೈಪಿಂಗ್ ಕಲಿಯಲು ಅಲ್ಲ. ಟೈಪಿಂಗ್ ಬರುತ್ತದೆ ಎನ್ನುವುದಕ್ಕೆ ಒಂದು ಕಾಗದ ಪಡೆಯಲು. ಎಂ.ಎ. ಮುಗಿದ ಮೇಲೆ ಎರಡು ವರ್ಷ ಮೂಡಲಪಾಳ್ಯದ ನಮ್ಮ ಮನೆಯ ಹಾಲ್‌ನಲ್ಲೇ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಯಾರೋ ಯಾರನ್ನೋ ಸಂದರ್ಶಿಸಿದ ಧ್ವನಿಮುದ್ರಣಗಳನ್ನು ಕೇಳಿ ಕನ್ನಡದಲ್ಲಿ ಟೈಪ್ ಮಾಡಿ ಕಳಿಸುತ್ತಿದ್ದೆ. ಮನೆಗೆ ಬಂದವರೆಲ್ಲ ನಾನು ಹಾಡು ಕೇಳುತ್ತಿದ್ದೇನೆಂದು ತಿಳಿದು, ಕಾಫಿ ಲೋಟ ಒಳಗಿಡಲು ನನ್ನ ಕೈಗೇ ಕೊಡುತ್ತಿದ್ದರು. ನನಗೆ ಒಂದು ಕುರ್ಚಿ ಬೇಕಿತ್ತು. ಬೆಳಿಗ್ಗೆ ಹೋಗಿ ಕೂರುವ, ಸಂಜೆ ಎದ್ದು ಬರುವ, ನಡುವೆ ಯಾರೂ ಲೋಟ ಕೊಡದ ಕುರ್ಚಿ.

ಅಂಥದ್ದೊಂದು ಸರ್ಕಾರಿ ಕಚೇರಿಯಲ್ಲಿ ಸಿಗುವ ಸಾಧ್ಯತೆ ಕಾಣಿಸಿತು. ಟೈಪಿಸ್ಟ್ ಹುದ್ದೆಗಳಿಗೆ ಅರ್ಜಿ ಕರೆಯುವವರಿದ್ದರು. ಆದರೆ ಕನ್ನಡ ಟೈಪಿಂಗ್ ಪರೀಕ್ಷೆಯ ಪ್ರಮಾಣಪತ್ರ ಇರಲೇಬೇಕು. ಈ ಸಲದ ಪರೀಕ್ಷೆ ತಪ್ಪಿದರೆ ಮುಂದಿನದರ ಹೊತ್ತಿಗೆ ಅರ್ಜಿಯ ಗಡುವು ಮುಗಿದಿರುತ್ತಿತ್ತು.

ಇನ್‌ಸ್ಟಿಟ್ಯೂಟ್ ಇದ್ದದ್ದು ಒಂದು ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲಿ. ಎರಡು ಸಾಲು ಕಂಪ್ಯೂಟರ್, ಮೂಲೆಯಲ್ಲಿ ಹೊದಿಕೆ ಹೊದ್ದ ಒಂದು ಹಳೆಯ ಟೈಪ್‌ರೈಟರ್. ನಡೆಸುತ್ತಿದ್ದವರು ಅರವತ್ತು ದಾಟಿದ ಮೇಡಂ. ಮೊದಲ ದಿನ ನನ್ನ ಹಿಂದೆ ಒಂದು ನಿಮಿಷ ನಿಂತು ನೋಡಿದರು.

"ನಿಲ್ಸಮ್ಮ. ಇದೇನು, ಕೆಂಡದ ಮೇಲೆ ಹಪ್ಪಳ ತಿರುವಿ ಹಾಕ್ತಾ ಇದೀಯಾ?"

ನಾನು ಟೈಪ್ ಮಾಡುತ್ತಿದ್ದದ್ದು ನಾಲ್ಕು ಬೆರಳುಗಳಲ್ಲಿ: ಎರಡು ತೋರುಬೆರಳು, ಎರಡು ನಡುಬೆರಳು. ಜೊತೆಗೆ ಸ್ಪೇಸ್ ಬಾರಿಗೆ ಹೆಬ್ಬೆರಳು. ಉಳಿದವು ಮದುವೆಮನೆಯಲ್ಲಿ ಕೆಲಸ ಮಾಡದ ನೆಂಟರ ಹಾಗೆ ಪಕ್ಕದಲ್ಲಿ ನಿಂತು ನೋಡುತ್ತಿದ್ದವು.

"ಬೇಗ ಆಗತ್ತೆ ಮೇಡಂ," ಎಂದೆ.

"ಬೇಗ ಆಗೋದು ಬೇರೆ, ಟೈಪಿಂಗ್ ಬೇರೆ," ಎಂದು ಅವರು ನನ್ನ ಎಂಟು ಬೆರಳುಗಳನ್ನು ಒಂದೊಂದಾಗಿ ಎತ್ತಿ ಕೀಬೋರ್ಡಿನ ನಡುಸಾಲಿನ ಎಂಟು ಕೀಗಳ ಮೇಲೆ ಇಟ್ಟರು. ಇಲ್ಲಿಂದ ಹೊರಟ ಬೆರಳು ತನ್ನ ಕೀ ಒತ್ತಿ ಇಲ್ಲಿಗೇ ವಾಪಸ್ ಬರಬೇಕು. 'ಪ' ಬಂದರೆ ಬಲಗೈ ಕಿರುಬೆರಳು. ದೀರ್ಘ ಬಂದರೆ ಶಿಫ್ಟ್ ಒತ್ತಬೇಕು, ಅದಕ್ಕೂ ಕಿರುಬೆರಳೇ. ಕನ್ನಡದಲ್ಲಿ ಎಷ್ಟೊಂದು ದೀರ್ಘಗಳಿವೆ ಎಂಬುದು ನನಗೆ ಎಂ.ಎ.ಯಲ್ಲಿ ತಿಳಿದಿರಲಿಲ್ಲ, ಆ ವಾರ ಕಿರುಬೆರಳಿನ ನೋವಿನಿಂದ ತಿಳಿಯಿತು. ಮೇಲಾಗಿ ಕೈ ಕಾಣದಂತೆ ಒಂದು ಹಳೆಯ ಟವೆಲ್ ಹೊದಿಸುತ್ತಿದ್ದರು. ನನ್ನ ವೇಗ ಅರ್ಧಕ್ಕಿಳಿಯಿತು.

ಹಾಗಾಗಿ ನಾನು ಒಂದು ವ್ಯವಸ್ಥೆ ಮಾಡಿಕೊಂಡೆ. ಮೇಡಂ ಕೋಣೆಯಲ್ಲಿದ್ದರೆ ಹತ್ತು ಬೆರಳು. ಅವರು ಕಾಫಿಗೆಂದು ಕೆಳಗಿಳಿದರೆ ಟವೆಲ್ ಸರಿಸಿ ನಾಲ್ಕು. ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ಕೇಳಿದ ಕೂಡಲೇ ಮತ್ತೆ ಹತ್ತು.

ಇದನ್ನು ಕಂಡವರು ಪಕ್ಕದ ಕಂಪ್ಯೂಟರಿನ ಆಂಟಿ ಒಬ್ಬರೇ. ಹೇರೋಹಳ್ಳಿಯಿಂದ ಎರಡು ಬಸ್ ಬದಲಾಯಿಸಿ ಬರುತ್ತಿದ್ದರು. ಶಾಲೆಯೊಂದರ ಆಫೀಸಿನಲ್ಲಿ ಅವರಿಗೆ ಕೆಲಸ; ಅವರಿಗೂ ಈ ಪ್ರಮಾಣಪತ್ರ ಬೇಕಿತ್ತು. ರಂಗೋಲಿಗೆ ಚುಕ್ಕಿ ಇಡುವಷ್ಟು ನಿಧಾನವಾಗಿ, ಹತ್ತು ಬೆರಳಿನಲ್ಲೂ ತಪ್ಪಿಲ್ಲದೆ ಟೈಪ್ ಮಾಡುತ್ತಿದ್ದರು.

"ನಿಂದು ಏನೇ ಸ್ಪೀಡು! ಕೀಬೋರ್ಡ್ ಪಾಪ, ಏನ್ ತಪ್ಪು ಮಾಡಿತ್ತು ಅಂತ," ಎನ್ನುತ್ತಿದ್ದರು. ನಾನು ನಗುತ್ತಿದ್ದೆ. ಒಳಗೊಳಗೇ ಅವರ ವೇಗ ನೋಡಿ ಮರುಕಪಡುತ್ತಿದ್ದೆ.

ಪರೀಕ್ಷೆಯ ಫಾರಂಗಳು ಮೇಡಂ ಬಳಿಯೇ ಇದ್ದವು. ಅವರ ಸಹಿಯಿಲ್ಲದೆ ಹೋಗುವಂತಿರಲಿಲ್ಲ. "ಕೈ ಕೂತಿರೋರ ಫಾರಂ ಮಾತ್ರ ಕಳಿಸ್ತೀನಿ," ಎಂದು ಮೊದಲೇ ಹೇಳಿದ್ದರು. ಕಳಿಸಲು ಕೊನೆಯ ದಿನ ದಸರಾ ಕಳೆದು ಹದಿನೈದನೇ ದಿನ.

ಆಯುಧಪೂಜೆಯ ದಿನ ಎಲ್ಲ ಕಂಪ್ಯೂಟರಿಗೂ ಸೇವಂತಿಗೆ ಹೂ, ವಿಭೂತಿ. ಅಂದು ಯಾರೂ ಕೀ ಮುಟ್ಟುವಂತಿಲ್ಲ. ಮರುದಿನ ವಿಜಯದಶಮಿ; ಅಂದು ಎಲ್ಲರೂ ಬಂದು ಅರ್ಧ ಗಂಟೆಯಾದರೂ ಟೈಪ್ ಮಾಡಲೇಬೇಕು. ನಾನು ಹೋದಾಗ ನನ್ನ ಕೀಬೋರ್ಡಿನ ನಡುಸಾಲಿನ ಎಂಟು ಕೀಗಳ ಮೇಲೆ ಎಂಟು ಕುಂಕುಮದ ಬೊಟ್ಟುಗಳಿದ್ದವು. ಹಿಂದಿನ ದಿನದ್ದಿರಬೇಕು ಎಂದುಕೊಂಡೆ. ಮೇಡಂ ಪ್ರಸಾದದ ಸಿಹಿಪೊಂಗಲ್ ತರಲು ಕೆಳಗೆ ಹೋಗಿದ್ದರು. ಹಾಗಾಗಿ ನಾಲ್ಕು ಬೆರಳಿನಲ್ಲಿ ಸೊಗಸಾಗಿ ಎರಡು ಪುಟ ಮುಗಿಸಿದೆ.

ಆಗ ಆಂಟಿ ಬಗ್ಗಿ ಪಿಸುಗುಟ್ಟಿದರು. "ಅಯ್ಯೋ, ಬೆರಳು ನೋಡ್ಕೊಳ್ಳೇ. ಮೇಡಂ ಪ್ರತಿ ವರ್ಷ ಹಿಂಗೇ ಮಾಡ್ತಾರಂತೆ. ಬಂದು ಎಲ್ಲರ ಕೈ ತೋರ್ಸಿ ಅಂತಾರೆ. ಯಾವ ಬೆರಳು ಕೆಂಪಾಗಿಲ್ವೋ ಅದು ಕೆಲ್ಸ ಮಾಡಿಲ್ಲ ಅಂತ ಲೆಕ್ಕ."

ನೋಡಿಕೊಂಡೆ. ನಾಲ್ಕು ಬೆರಳು ಕೆಂಪು. ಉಂಗುರಬೆರಳುಗಳೂ ಕಿರುಬೆರಳುಗಳೂ ಈಗಷ್ಟೇ ಸ್ನಾನ ಮಾಡಿಸಿದಂತೆ ಶುಭ್ರ. ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಗೋಡೆ ಪಕ್ಕದ ಮೇಜಿನ ಮೇಲೆ ಪೂಜೆಯ ತಟ್ಟೆ ಇತ್ತು. ನಾನು ಯಾವ ಕೆಲಸವನ್ನೂ ಅರೆಬರೆ ಮಾಡುವವಳಲ್ಲ. ಕುಂಕುಮಕ್ಕೆ ಎಲ್ಲ ಬೆರಳನ್ನೂ ಒತ್ತಿ, ಬಂದು ಕೂತೆ.

ಮೇಡಂ ಸಾಲಾಗಿ ಕೈ ನೋಡುತ್ತಾ ಬಂದರು. ಆಂಟಿಯ ಎಂಟು ಬೆರಳು ನೋಡಿ ತಲೆಯಾಡಿಸಿದರು. ನನ್ನ ಕೈಗಳ ಮುಂದೆ ನಿಂತು ಕನ್ನಡಕ ಏರಿಸಿಕೊಂಡರು.

"ಎಂಟು ಸರಿಯಾಗಿದೆ. ಈ ಎರಡು ಹೆಬ್ಬೆರಳು ಎಲ್ಲಿಗೆ ಹೋಗಿದ್ವಮ್ಮ? ಸ್ಪೇಸ್ ಬಾರಿಗೆ ನಾನು ಕುಂಕುಮಾನೇ ಇಟ್ಟಿಲ್ವಲ್ಲ."

ಆಂಟಿ ನನ್ನನ್ನು ಕಾಪಾಡಲು, "ಹುಡ್ಗೀಗೆ ಭಕ್ತಿ ಸ್ವಲ್ಪ ಜಾಸ್ತಿ ಮೇಡಂ," ಎಂದರು. ಎಲ್ಲರೂ ನಕ್ಕರು. ಮೇಡಂ ನಗಲಿಲ್ಲ. "ಎಲ್ಲರೂ ಹೋದ ಮೇಲೆ ನೀನು ಇರು," ಎಂದರು. ನನ್ನ ಫಾರಂ ಅಂದೇ ಹರಿದುಹೋಯಿತು ಎಂದುಕೊಂಡೆ.

ಎಲ್ಲರೂ ಹೋದ ಮೇಲೆ ನನ್ನ ಮುಂದೆ ಒಂದು ಹಾಳೆ ಇಟ್ಟರು. ಯಾವುದೋ ಇಲಾಖೆಯ ವರ್ಗಾವಣೆ ಆದೇಶದ ಮಾದರಿ. "ನಿನ್ನ ಬೆರಳಲ್ಲೇ ಹೊಡಿ. ಟವೆಲ್ ಇಲ್ಲ, ಏನೂ ಇಲ್ಲ. ಪರೀಕ್ಷೇಲಿ ಕೊಡೋ ಅಷ್ಟೇ ಟೈಮು. ಎಷ್ಟು ಬೇಗ ಅಂತ ನಾನೂ ನೋಡ್ತೀನಿ."

ಇದು ನನ್ನ ಆಟ. ಸಮಯ ಮುಗಿಯಲು ಇನ್ನೂ ಎರಡು ನಿಮಿಷವಿರುವಾಗಲೇ ಮುಗಿಸಿ ಕೈ ಕಟ್ಟಿ ಕೂತೆ. ಸ್ವಲ್ಪ ಜಂಭವೂ ಇತ್ತು. ಮೇಡಂ ನನ್ನ ಪ್ರತಿಯನ್ನು ಹಾಳೆಯ ಪಕ್ಕ ಇಟ್ಟು ಓದಿದರು.

"ವೇಗ ಇದೆ. ಆದ್ರೆ ಒಂದು ಸಾಲು ನುಂಗಿದೀಯ. ಪಾಪ, ಆ ಗುಮಾಸ್ತನ್ನ ಒಂದು ಊರಿಂದ ಬಿಡಿಸಿದೀಯ, ಇನ್ನೊಂದು ಊರಿಗೆ ಕಳಿಸೇ ಇಲ್ಲ. ನಿನ್ನಿಂದ ಅವನು ಇವತ್ತಿಗೂ ಬಸ್ ಸ್ಟ್ಯಾಂಡಲ್ಲಿ ಸೂಟ್‌ಕೇಸ್ ಹಿಡ್ಕೊಂಡು ನಿಂತಿರ್ತಾನೆ."

ನೋಡಿದೆ. ಎರಡು ಸಾಲುಗಳು ಒಂದೇ ಪದದಿಂದ ಶುರುವಾಗಿದ್ದವು. ಕೀ ನೋಡಲು ತಲೆ ತಗ್ಗಿಸಿ ಮತ್ತೆ ಎತ್ತುವಷ್ಟರಲ್ಲಿ ಕಣ್ಣು ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಇಳಿದಿತ್ತು. ಮನೆಯ ಕೆಲಸದಲ್ಲಿ ಇದು ಎಂದೂ ಆಗಿರಲಿಲ್ಲ, ಏಕೆಂದರೆ ಅಲ್ಲಿ ಮಾತು ಕಿವಿಗೆ ಬರುತ್ತಿತ್ತು. ಕಣ್ಣು ಎಲ್ಲಿದ್ದರೂ ನಡೆಯುತ್ತಿತ್ತು. ಪರೀಕ್ಷೆಯಲ್ಲಿ ಮಾತು ಹಾಳೆಯ ಮೇಲೆ ಇರುತ್ತದೆ. ಇಷ್ಟು ಸರಳವಾದದ್ದು ಮೂರು ತಿಂಗಳಿಂದ ನನಗೆ ಹೊಳೆದಿರಲಿಲ್ಲ.

ಸೋತ ಮೇಲೆ ಕೇಳುವುದರಲ್ಲಿ ನಷ್ಟವಿರಲಿಲ್ಲ. "ಮೇಡಂ, ಯಾವ ಬೆರಳು ಅನ್ನೋದು ನಿಜವಾಗ್ಲೂ ಮುಖ್ಯಾನಾ?"

ಅವರು ನನ್ನನ್ನು ಎಬ್ಬಿಸಿ ತಾವು ಕೂತರು. ನನ್ನ ಮುಖವನ್ನೇ ನೋಡುತ್ತಾ, ಸಿಹಿಪೊಂಗಲ್‌ಗೆ ತುಪ್ಪ ಕಡಿಮೆಯಾಗಿತ್ತು ಎಂದು ಹೇಳುತ್ತಾ, ಆ ಆದೇಶವನ್ನು ನೆನಪಿನಿಂದಲೇ ಪೂರ್ತಿ ಟೈಪ್ ಮಾಡಿದರು. ಗುಮಾಸ್ತ ಸರಿಯಾದ ಊರು ತಲುಪಿದ. ಆದರೆ ನಾನು ನೋಡುತ್ತಿದ್ದದ್ದು ಅವರ ಕೈಯನ್ನು.

"ಮೇಡಂ, ನೀವು 'ಪ'ನ ಉಂಗುರಬೆರಳಲ್ಲಿ ಒತ್ತುತ್ತೀರ."

ಅವರ ಕೈ ನಿಂತಿತು. ಬಲಗೈ ಕಿರುಬೆರಳನ್ನು ಎತ್ತಿ, ಹೋಂವರ್ಕ್ ಮಾಡದ ಮಗುವನ್ನು ನೋಡುವಂತೆ ನೋಡಿದರು.

"ನೋಡ್ಬಿಟ್ಯಾ? ಇದು ಮೊದಲಿಂದಾನೂ ಸೋಮಾರಿ. ಹಳೇ ಮಿಷಿನ್ನಲ್ಲಿ ಕೀ ಗಟ್ಟಿ, ಇದಕ್ಕೆ ಬಲ ಸಾಲ್ತಿರಲಿಲ್ಲ. ನನ್ನ ಮೇಷ್ಟ್ರಿಗೆ ಗೊತ್ತಾಗ್ಲೇ ಇಲ್ಲ. ಆಂಟಿ ಹತ್ರ ಹೇಳ್ಬೇಡ." ಆಮೇಲೆ ಗಂಭೀರವಾದರು. "ಆದ್ರೆ 'ಪ'ಗೆ ಯಾವಾಗ್ಲೂ ಅದೇ ಬೆರಳು. ಇವತ್ತೊಂದು ನಾಳೆ ಒಂದು ಅಲ್ಲ. ಅದಕ್ಕೇ ನಾನು ನೋಡಬೇಕಾಗಿಲ್ಲ. ನೀನು ಎಷ್ಟು ಬೆರಳಾದ್ರೂ ಇಟ್ಕೋ, ಕಣ್ಣು ಮಾತ್ರ ಹಾಳೆ ಬಿಟ್ಟು ಇಳೀಬಾರ್ದು. ಕೊನೇ ದಿನ ಇದೇ ಹಾಳೆ. ಸಾಲು ಬಿಟ್ರೆ ಸಹಿ ಇಲ್ಲ."

ಆ ಎರಡು ವಾರ ಮನೆಯಲ್ಲೂ ಕೈ ಮೇಲೆ ಟವೆಲ್ ಹೊದ್ದೇ ಕೆಲಸ ಮಾಡಿದೆ. ಹಾಡು ಕೇಳುವುದರ ಜೊತೆಗೆ ನನಗೆ ಚಳಿಯೂ ಆಗುತ್ತಿದೆ ಎಂದು ನೆಂಟರು ತಿಳಿದರು. ಕಳಿಸಬೇಕಾದ ಧ್ವನಿಮುದ್ರಣಗಳು ಉಳಿದುಹೋಗಿ, ಎರಡು ಸಲ ಕ್ಷಮೆ ಕೇಳಿ ಮೇಲ್ ಬರೆದೆ, ಅದನ್ನೂ ಟವೆಲಿನಡಿಯಲ್ಲೇ. ಉಂಗುರಬೆರಳುಗಳು ಒಪ್ಪಿಕೊಂಡವು. ಎಡಗೈ ಕಿರುಬೆರಳು ಶಿಫ್ಟಿನ ಕೆಲಸ ವಹಿಸಿಕೊಂಡಿತು. ಬಲಗೈಯದು ಮಾತ್ರ ಏನು ಮಾಡಿದರೂ ಬಗ್ಗಲಿಲ್ಲ. ನಾನೂ ಒತ್ತಾಯಿಸಲಿಲ್ಲ, ದೊಡ್ಡವರದೇ ಉದಾಹರಣೆ ಇತ್ತು.

ಕೊನೆಯ ದಿನ ಮೇಡಂ ಅದೇ ಹಾಳೆ ಇಟ್ಟರು. ಗಂಟೆ ಹೊಡೆದಾಗ ನನಗಿನ್ನೂ ಅರ್ಧ ಸಾಲು ಉಳಿದಿತ್ತು. ನಾಲ್ಕು ಬೆರಳಿನಲ್ಲಾಗಿದ್ದರೆ ಅಷ್ಟು ಹೊತ್ತಿಗೆ ಮುಗಿಸಿ ಕೈ ಕಟ್ಟಿ ಕೂತಿರುತ್ತಿದ್ದೆ. ಮೇಡಂ ಸಾಲು ಸಾಲಾಗಿ ಬೆರಳಿಟ್ಟು ಓದಿದರು. ಆಂಟಿ ತಮ್ಮ ಟೈಪಿಂಗ್ ನಿಲ್ಲಿಸಿ ನನಗಿಂತ ಹೆಚ್ಚು ಉಸಿರು ಬಿಗಿಹಿಡಿದು ಕೂತಿದ್ದರು.

"ಸಾಲು ಎಲ್ಲಾ ಇದೆ. ಅರ್ಧ ಸಾಲು ಬಾಕಿ. ಅದು ಪರೀಕ್ಷೆ ಹೊತ್ತಿಗೆ ಬರತ್ತೆ," ಎಂದು ಫಾರಂ ತೆಗೆದು ಸಹಿ ಮಾಡಿದರು.

"ಬರ್ದೇ ಇದ್ರೆ?" ಎಂದರು ಆಂಟಿ.

"ಬರ್ದೇ ಇದ್ರೆ ನಿಮ್ಮ ಪಕ್ಕ ಇನ್ನೊಂದು ಆರು ತಿಂಗಳು ಕೂರ್ತಾಳೆ. ನಿಮಗೇ ಕಷ್ಟ."

ಪರೀಕ್ಷೆಯ ದಿನ ಕೈ ಏನು ಮಾಡುತ್ತಿತ್ತು ಎಂದು ನನಗೆ ಗೊತ್ತಿಲ್ಲ. ನಾನು ಹಾಳೆಯನ್ನಷ್ಟೇ ನೋಡಿದೆ. ಫಲಿತಾಂಶ ಬಂದಾಗ ಪಾಸಾಗಿದ್ದೆ. ಹೇಳಿಕೊಳ್ಳುವಂಥ ಅಂಕಗಳೇನಲ್ಲ. ಅಂದು ಬೆಳಿಗ್ಗೆಯೇ ಆಂಟಿಯ ಫೋನ್ ಬಂತು. ಅವರಿಗೆ ಪ್ರಥಮ ದರ್ಜೆ.

"ಏನಮ್ಮಾ ಸ್ಪೀಡ್ ರಾಣಿ, ನಂಗಿಂತ ಕಮ್ಮಿ ಅಂತಲ್ಲ?"

"ಹೌದು ಆಂಟಿ."

"ಬೇಜಾರ್ ಮಾಡ್ಕೋಬೇಡ ಕಣೇ. ನೀನು ಬೇಗ ಮುಗ್ಸಿ ಹೋಗ್ತಿದ್ದೆ, ನಾನು ಮುಗಿಯೋವರೆಗೂ ಕೂರ್ತಿದ್ದೆ. ಅಷ್ಟೇ ವ್ಯತ್ಯಾಸ."

ಫೋನ್ ಇಟ್ಟು ಹಾಲ್‌ನಲ್ಲೇ ಕೂತು ಟೈಪಿಸ್ಟ್ ಹುದ್ದೆಯ ಆನ್‌ಲೈನ್ ಅರ್ಜಿ ತೆರೆದೆ. ಗಡುವಿಗೆ ಇನ್ನೂ ನಾಲ್ಕು ದಿನವಿತ್ತು. ಎಷ್ಟು ವೇಗ, ಎಷ್ಟು ಬೆರಳು ಎಂದು ಅದರಲ್ಲಿ ಎಲ್ಲೂ ಕೇಳಿರಲಿಲ್ಲ. ಪ್ರಮಾಣಪತ್ರ ಇದೆಯೇ ಎಂದಷ್ಟೇ ಇತ್ತು. ಇದೆ ಎಂದು ಗುರುತು ಹಾಕಿ, ಪ್ರತಿ ಸಾಲನ್ನೂ ಎರಡೆರಡು ಸಲ ಓದಿ, ಕಳಿಸಿದೆ.