ಮಗಳ ಕ್ಯಾರಿಯರ್, ಅಪ್ಪನ ಹೊಟ್ಟೆ

ಕಳೆದ ವಾರ ಜಯನಗರದ ಒಂದು ಹೆರಿಗೆ ಆಸ್ಪತ್ರೆಯ ವೇಟಿಂಗ್ ಹಾಲ್‌ನಲ್ಲಿ ನನ್ನ ಪ್ಯಾಂಟಿನ ಹುಕ್ಕು ಕಿತ್ತುಹೋಯಿತು.

ಸುತ್ತಲೂ ಗರ್ಭಿಣಿಯರು. ನಡುವೆ ಐವತ್ತು ದಾಟಿದ ನಾನು, ಶರ್ಟನ್ನು ಹೊರಗೆಳೆದುಕೊಂಡು, ಹೊಟ್ಟೆಯ ಮೇಲೆ ಮಗಳ ಫೈಲನ್ನು ಒತ್ತಿ ಹಿಡಿದು ಕೂತಿದ್ದೆ. ಎದುರಿಗಿದ್ದ ಪುಟ್ಟ ಹುಡುಗಿಯೊಂದು ನನ್ನ ಹೊಟ್ಟೆಯನ್ನೂ ತನ್ನಮ್ಮನ ಹೊಟ್ಟೆಯನ್ನೂ ಹೋಲಿಸಿ ನೋಡಿ, ಏನೋ ಕೇಳಲು ಬಾಯಿ ತೆರೆಯಿತು. ಪುಣ್ಯಕ್ಕೆ ಅವರಮ್ಮ ಬಾಯಿಗೆ ಬಿಸ್ಕೆಟ್ ಇಟ್ಟರು.

ನಗುವವರು ಇಲ್ಲೇ ನಕ್ಕುಬಿಡಿ. ಮುಂದೆ ನಗುವಂಥದ್ದು ಹೆಚ್ಚೇನಿಲ್ಲ.

ನನ್ನ ಮಗಳು ಚೈತ್ರಾಗೆ ಈಗ ಏಳು ತಿಂಗಳು. ಮೂರು ತಿಂಗಳಿಗೆ ನಿಲ್ಲುತ್ತದೆ ಎಂದು ಎಲ್ಲರೂ ಹೇಳಿದ್ದ ವಾಂತಿ ನಿಲ್ಲಲೇ ಇಲ್ಲ. ರಕ್ತ ಕಡಿಮೆ ಎಂದು ರಿಪೋರ್ಟ್ ಬಂತು. ಡಾಕ್ಟರು ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಸೀಮಂತದವರೆಗೆ ಕಾಯುವುದು ಬೇಡವೆಂದು ಐದನೇ ತಿಂಗಳಿಗೇ ಅವಳನ್ನು ಜೆ.ಪಿ. ನಗರದ ನಮ್ಮ ಮನೆಗೆ ಕರೆತಂದೆವು. ಕಣ್ಣೆದುರಿಗಿದ್ದರೆ ನನಗೆ ಸ್ವಲ್ಪ ನಿದ್ದೆಯಾದರೂ ಬಂದೀತು ಎಂಬುದು ನನ್ನ ಲೆಕ್ಕಾಚಾರ. (ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬನಶಂಕರಿವರೆಗೆ ಹೋಗಿ ವಾಪಸ್ ಬಂದವನು ನಾನು. ಈ ಅಂಕಣ ಓದುವವರಿಗೆ ಗೊತ್ತೇ ಇದೆ.)

ಅವಳ ಅತ್ತೆ ಜಯಮ್ಮ ಇರುವುದು ಗೊಟ್ಟಿಗೆರೆಯಲ್ಲಿ. ಅವರದು ಅಲ್ಲಿನ ಹಳೇ ಮನೆತನ. ಹೊಲವಿದ್ದ ಜಾಗದಲ್ಲೀಗ ನಾಲ್ಕು ಮಹಡಿ ಬಾಡಿಗೆ ಮನೆಗಳು. ಆದರೂ ಟೆರೇಸಿನ ಮೇಲೆ ನೀರಿನ ಟ್ಯಾಂಕುಗಳ ನಡುವೆ ದಂಟು, ಸಬ್ಬಸಿಗೆ, ಮೆಂತ್ಯ ಬೆಳೆಯುತ್ತಾರೆ. ಕಾಂಪೌಂಡಿನ ಮೂಲೆಯಲ್ಲಿ ಒಂದು ನುಗ್ಗೆಮರ. ಸೊಸೆಗೆ ರಕ್ತ ಕಡಿಮೆ ಎಂದು ಕೇಳಿದ್ದೇ ತಡ, ನಾಲ್ಕು ಡಬ್ಬಿಯ ಕ್ಯಾರಿಯರ್ ಹೊರಟಿತು. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಅಳಿಯ ಕೊಟ್ಟು ಹೋಗುತ್ತಾನೆ, ಸಂಜೆ ಬಂದು ಖಾಲಿ ಕ್ಯಾರಿಯರ್ ಒಯ್ಯುತ್ತಾನೆ. ಮುದ್ದೆ, ಬಸ್ಸಾರು, ನುಗ್ಗೆಸೊಪ್ಪಿನ ಪಲ್ಯ, ಖರ್ಜೂರದ ಉಂಡೆ.

ಮೊದಲ ದಿನ ಮುಚ್ಚಳ ತೆಗೆದೆವು. ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಮೂಗಿಗೆ ಬಡಿದು ಚೈತ್ರಾ ಬಚ್ಚಲಿಗೆ ಓಡಿದಳು. ಅವಳು ಇನ್ನೂ ಒಳಗಿರುವಾಗಲೇ ನನ್ನ ಫೋನ್ ಬಡಿದುಕೊಂಡಿತು.

"ಬೀಗ್ರೇ, ತಿಂದ್ಲಾ?"

ಬೆಳಗಿನ ಚಳಿಯಲ್ಲಿ ಟೆರೇಸ್ ಹತ್ತಿ, ಸೊಪ್ಪು ಕಿತ್ತು, ಬಿಡಿಸಿ, ಬೇಯಿಸಿ, ಬಸಿದು ಕಳಿಸಿದ ಹೆಂಗಸಿಗೆ ಏನೆಂದು ಹೇಳುವುದು? ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

"ಹ್ಞೂಂ, ತಿಂದ್ಲು."

"ಸಾರು?"

"ಸಾರೂ ಆಯ್ತು. ಕೈ ನೆಕ್ಕಿದ್ಲು."

(ಕೈ ನೆಕ್ಕಿಸುವ ಅಗತ್ಯವಿರಲಿಲ್ಲ. ಬರೆಯುವವರ ಚಟ.)

ಹೇಳಿದ ಮೇಲೆ ಕ್ಯಾರಿಯರ್ ಖಾಲಿಯಾಗಬೇಕಲ್ಲ? ಚೆಲ್ಲಲು ಮನಸ್ಸಾಗಲಿಲ್ಲ. ಅಡುಗೆಮನೆಯಲ್ಲಿ ನಿಂತುಕೊಂಡೇ ತಿಂದೆ. ಬಹಳ ಚೆನ್ನಾಗಿತ್ತು. ಮರುದಿನವೂ ತಿಂದೆ. ಅದರ ಮರುದಿನವೂ. ಅತ್ತೆ ನೊಂದುಕೊಳ್ಳುತ್ತಾರೆಂದು ಚೈತ್ರಾ ಗಂಡನಿಗೂ ಹೇಳಲಿಲ್ಲ. ತೊಳೆದ ಕ್ಯಾರಿಯರನ್ನು ಬರಿದಾಗಿ ಕಳಿಸಬಾರದೆಂದು ನನ್ನ ಹೆಂಡತಿ ಅದರಲ್ಲಿ ಎರಡು ಬಾಳೆಹಣ್ಣೋ ಒಂದು ಹಿಡಿ ಸಕ್ಕರೆಯೋ ಹಾಕುತ್ತಿದ್ದಳು. ಜಯಮ್ಮನಿಗೆ ಅದು ಸೊಸೆಯ ಮೆಚ್ಚುಗೆಯಂತೆ ಕಂಡಿತೋ ಏನೋ, ಕ್ಯಾರಿಯರ್ ಜೊತೆ ಇನ್ನೊಂದು ಸ್ಟೀಲ್ ಡಬ್ಬಿ ಬರತೊಡಗಿತು.

"ಏನ್ರೀ, ಬಸುರಿ ಅವಳೋ ನೀವೋ?" ಎಂದಳು ಹೆಂಡತಿ.

"ನೀನೇ ಫೋನ್ ಮಾಡಿ ನಿಜ ಹೇಳ್ಬಿಡು."

"ನಾನಾ? ಬೀಗರ ಮನೆ ವಿಷ್ಯ. ಶುರು ಮಾಡಿದ್ದು ನೀವು, ನೀವೇ ತಿನ್ನಿ."

ನನ್ನಂಥ ಪುಕ್ಕಲು ಚಿಂತಕ ಇದನ್ನು ಎರಡು ತಿಂಗಳು ಹೇಗೆ ನಿಭಾಯಿಸಿದ ಎಂದು ನಿಮಗೆ ಆಶ್ಚರ್ಯವಾಗಬಹುದು. ನನಗೊಂದು ಧೈರ್ಯವಿತ್ತು. ಮಾತ್ರೆ! ಊಟ ನಿಲ್ಲದಿದ್ದರೇನು, ಮಾತ್ರೆ ಇದೆಯಲ್ಲ. ದಿನಾ ಕೇಳುತ್ತಿದ್ದೆ, "ಮಾತ್ರೆ ತಗೊಂಡ್ಯಾ?" ಅವಳು "ಹ್ಞೂಂ ಅಪ್ಪಾ" ಅನ್ನುತ್ತಿದ್ದಳು. ಸುಳ್ಳು ಹೇಳುವ ವಿದ್ಯೆ ನಮ್ಮ ಮನೆಯಲ್ಲಿ ನನಗೊಬ್ಬನಿಗೇ ಬರುತ್ತದೆ ಎಂದುಕೊಂಡಿದ್ದೆ.

ಸರಿ, ಹುಕ್ಕು ಕಿತ್ತ ದಿನಕ್ಕೆ ಬರೋಣ. ಡಾಕ್ಟರಮ್ಮನ ರೂಮಿನಲ್ಲಿ ನಾನು, ಚೈತ್ರಾ, ಅವತ್ತು ತಾವೂ ಬರುವುದಾಗಿ ಹೇಳಿ ಗೊಟ್ಟಿಗೆರೆಯಿಂದ ಆಟೋ ಹಿಡಿದು ಬಂದಿದ್ದ ಜಯಮ್ಮ. ಹೊಸ ರಿಪೋರ್ಟ್ ನೋಡಿ ಡಾಕ್ಟರಮ್ಮ ಕನ್ನಡಕ ತೆಗೆದರು. ಹಿಮೋಗ್ಲೋಬಿನ್ ಏರಿರಲಿಲ್ಲ, ಇನ್ನೂ ಇಳಿದಿತ್ತು. ಎಂಟರ ಹತ್ತಿರ.

"ಏನ್ ತಿಂತಾ ಇದೀರಮ್ಮ?"

ಚೈತ್ರಾ ಬಾಯಿ ಬಿಡುವ ಮೊದಲೇ ಜಯಮ್ಮ ಶುರುಮಾಡಿದರು. "ಎಲ್ಲಾ ತಿಂತಾಳೆ ಮೇಡಂ. ದಿನಾ ಸೊಪ್ಪು, ಕಾಳು, ಮುದ್ದೆ ಎಲ್ಲಾ ನಮ್ಮನೆಯಿಂದಾನೇ ಹೋಗುತ್ತೆ. ಒಂದು ಅಗುಳು ಬಿಡಲ್ಲ ನನ್ ಸೊಸೆ."

"ಮಾತ್ರೆ?"

"ಅದು ನಾನೇ ಬೇಡ ಅಂದೆ. ಹೊಟ್ಟೆ ಕೆಡ್ತದೆ, ಮೋಷನ್ನೇ ಆಗಲ್ಲ ಅಂತ ಫೋನಲ್ಲಿ ಅಳ್ತಿದ್ಲು. ಇಷ್ಟು ಚೆನ್ನಾಗಿ ಉಣ್ಣೋಳಿಗೆ ಮಾತ್ರೆ ಯಾಕೆ ಮೇಡಂ? ಉಷ್ಣ ಬೇರೆ. ಮಗು ಕಪ್ಪಗಾಗುತ್ತೆ ಅಂತಾರೆ."

ನಾನು ಫೈಲನ್ನು ಇನ್ನಷ್ಟು ಒತ್ತಿ ಹಿಡಿದೆ. ಊಟವಿದೆಯೆಂದು ಅವರು ಮಾತ್ರೆ ಬಿಡಿಸಿದ್ದರು. ಮಾತ್ರೆಯಿದೆಯೆಂದು ನಾನು ಊಟ ತಿಂದಿದ್ದೆ. ನಮ್ಮಿಬ್ಬರ ನಡುವೆ ಹುಡುಗಿಗೆ ಅದೂ ಇಲ್ಲ, ಇದೂ ಇಲ್ಲ.

ಡಾಕ್ಟರಮ್ಮ ಹಣೆ ಗಂಟಿಕ್ಕಿದರು. "ಇಷ್ಟು ತಿಂದೂ ಇಳೀತಿದೆ ಅಂದ್ರೆ ಬೇರೆ ಏನೋ ಇರಬಹುದು. ಹುಟ್ಟಿನಿಂದ ಬರೋ ರಕ್ತದ ತೊಂದರೆಗಳಿರ್ತವೆ. ಟೆಸ್ಟ್ ಬರೀತೀನಿ. ಗಂಡನಿಗೂ ಮಾಡಿಸ್ಬೇಕು."

ಜಯಮ್ಮ ಸೆರಗನ್ನು ಬಾಯಿಗೊತ್ತಿಕೊಂಡರು. "ಅಯ್ಯೋ, ಮಗೂಗೂ ಬರುತ್ತಾ ಮೇಡಂ?"

ಆಗ ಚೈತ್ರಾ ಹೇಳಿದಳು, ತಲೆ ಎತ್ತದೆ: "ಮೇಡಂ, ಅದನ್ನೆಲ್ಲ ತಿಂದಿದ್ದು ಅಪ್ಪ."

ರೂಮಿನಲ್ಲಿದ್ದವರೆಲ್ಲ ನನ್ನ ಹೊಟ್ಟೆ ನೋಡಿದರು. ಸಾಕ್ಷಿ ಬೇರೆ ಬೇಕಿರಲಿಲ್ಲ.

ಜಯಮ್ಮ ಬಯ್ಯುತ್ತಾರೆಂದು ಕಾದೆ. ಬಯ್ದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ನನ್ನ ಕಡೆ ತಿರುಗಲೂ ಇಲ್ಲ. ಸೊಸೆಯ ಕೈ ಹಿಡಿದುಕೊಂಡು ಕೇಳಿದರು, "ಹಂಗಾದ್ರೆ ಎರಡು ತಿಂಗಳಿಂದ ನೀನು ಏನ್ ತಿಂದೆ ಕಣವ್ವ?"

"ಮಜ್ಜಿಗೆ ಅನ್ನ. ಬ್ರೆಡ್ಡು. ಅದು ಮಾತ್ರ ನಿಲ್ತಿತ್ತು, ಅತ್ತೆ."

ಡಾಕ್ಟರಮ್ಮ ಯಾರನ್ನೂ ಗದರಲಿಲ್ಲ. ದಿನಕ್ಕೆ ಇಂಥ ಮೂರು ಸಂಸಾರ ನೋಡುವವರ ಸುಸ್ತು ಅವರ ದನಿಯಲ್ಲಿತ್ತು. "ಊಟ ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೆ ಇಷ್ಟು ಕೆಳಗಿಳಿದ ಮೇಲೆ ಸೊಪ್ಪು ಒಂದರಿಂದಾನೇ ಮೇಲೆ ಬರಲ್ಲ. ಮಾತ್ರೆ ಒಗ್ಗಲಿಲ್ಲ ಅಂದ್ರೆ ಬಂದು ಹೇಳ್ಬೇಕು, ಬೇರೆ ಕೊಡ್ತೀನಿ. ಬಿಟ್ಟುಬಿಡೋದಲ್ಲ. ಈಗ ಡ್ರಿಪ್‌ನಲ್ಲಿ ಕೊಡೋಣ. ಹೆರಿಗೆಗೆ ಜಾಸ್ತಿ ಟೈಮಿಲ್ಲ. ಏರಲಿಲ್ಲ ಅಂದ್ರೆ ರಕ್ತ ಅರೇಂಜ್ ಮಾಡ್ಕೊಂಡಿರ್ಬೇಕಾಗುತ್ತೆ."

ಅಂದಿನಿಂದ ನನ್ನ ತಲೆಯಲ್ಲಿ ಆ ಕೊನೆಯ ವಾಕ್ಯ ಒಂದೇ ಸಮನೆ ಓಡುತ್ತಿದೆ.

ಪುಟ್ಟೇನಹಳ್ಳಿ ಕೆರೆಯ ವಾಕಿಂಗ್ ಗೆಳೆಯರಿಗೆ ಹೇಳಿದೆ. ತಪ್ಪು ಮಾಡಿದೆ. ಒಬ್ಬರು ಬೀಟ್‌ರೂಟ್ ಜ್ಯೂಸ್ ಎಂದರು. ಒಬ್ಬರು ಮಾತ್ರೆಯೆಲ್ಲ ಕಂಪನಿಗಳ ದಂಧೆ ಎಂದರು. ಇನ್ನೊಬ್ಬರು ಈಗಿನ ತರಕಾರಿಯಲ್ಲಿ ಸತ್ವ ಎಲ್ಲಿದೆ ಸಾರ್, ಮಾತ್ರೆಯೇ ಗತಿ ಎಂದರು. ಕೊನೆಯ ಇಬ್ಬರೂ ಜೋರಾಗಿ ವಾದಕ್ಕಿಳಿದರು. ಚೈತ್ರಾ ಹೇಗಿದ್ದಾಳೆ ಎಂದು ಯಾರೂ ಕೇಳಲಿಲ್ಲ. ಅವರನ್ನು ಏನು ಅನ್ನಲಿ? ಅವಳಿಗೆ ಏನು ಸೇರುತ್ತದೆ ಎಂದು ಎರಡು ತಿಂಗಳಲ್ಲಿ ಒಮ್ಮೆಯಾದರೂ ನಾನು ಕೇಳಿದ್ದೆನೇ? ತಿಂದೆಯಾ, ತಗೊಂಡೆಯಾ, ಇಷ್ಟೇ.

ಮೊನ್ನೆ ಮೊದಲ ಡ್ರಿಪ್. ಕಬ್ಬಿಣ ನೋಡಲು ಥೇಟ್ ಕಾಫಿ ಡಿಕಾಕ್ಷನ್. ತೊಟ್ಟು ತೊಟ್ಟಾಗಿ ಇಳಿಯುತ್ತಿತ್ತು. ಜಯಮ್ಮ ಬಂದರು, ಕೈಯಲ್ಲಿ ಅದೇ ಕ್ಯಾರಿಯರ್. ಈ ಸಲ ಒಗ್ಗರಣೆಯಿಲ್ಲದ ಹೆಸರುಬೇಳೆ ಗಂಜಿ. ತಾವೇ ಮಂಚದ ಪಕ್ಕ ಕೂತು ತಿನ್ನಿಸಿದರು. ಎರಡು ಚಮಚ ಒಳಗೆ ಹೋಯಿತು. ಮೂರನೆಯದಕ್ಕೆ ಚೈತ್ರಾ ಕಣ್ಣು ಮುಚ್ಚಿ ತಲೆ ಅಲ್ಲಾಡಿಸಿದಳು. ಜಯಮ್ಮ ಒತ್ತಾಯ ಮಾಡಲಿಲ್ಲ. ಮುಚ್ಚಳ ಹಾಕಿ, ಅಷ್ಟೂ ಗಂಜಿಯನ್ನು ಹಾಗೇ ತೆಗೆದುಕೊಂಡು ಹೊರಟರು. ತಿನ್ನಿ ಎಂದು ನನ್ನನ್ನು ಒಂದು ಮಾತಿಗೂ ಕರೆಯಲಿಲ್ಲ.

ಅವರು ಹೋದ ಮೇಲೆ ನಾನು ಬ್ಲಡ್ ಬ್ಯಾಂಕ್ ಹುಡುಕಿಕೊಂಡು ಹೋದೆ. ಹೆರಿಗೆ ಹೊತ್ತಿಗೆ ರಕ್ತ ಬೇಕಾದರೆ ನಮ್ಮ ಕಡೆಯಿಂದಲೂ ಒಬ್ಬರು ಕೊಟ್ಟಿದ್ದರೆ ಒಳ್ಳೆಯದು ಎಂದು ಆಸ್ಪತ್ರೆಯವರು ಹೇಳಿದ್ದರು. ಈ ವಯಸ್ಸಿಗೆ ನನ್ನದು ಆಗುತ್ತದೋ ಇಲ್ಲವೋ ಎಂಬ ಚಿಂತೆ ಬೇರೆ. ಅಲ್ಲಿನ ಹೆಣ್ಣುಮಗಳು ಬೆರಳಿಗೆ ಸೂಜಿ ಚುಚ್ಚಿ, ಮೆಷಿನ್ ನೋಡಿ, ಹುಬ್ಬೇರಿಸಿ ನಕ್ಕಳು.

"ಸಖತ್ತಾಗಿದೆ ಅಂಕಲ್ ನಿಮ್ಮ ಹಿಮೋಗ್ಲೋಬಿನ್! ಏನ್ ತಿಂತೀರಾ?"