ಟೈಲ್ಸ್ ಚೂರಿನ ಹಿಂದೆ ಬರೆದ ಹೆಸರು

ನಾನು ಚಿಕ್ಕವನಿದ್ದಾಗ ನಾವು ಪುಣೆಯ ಯೆರವಡಾದಲ್ಲಿ ತಗಡಿನ ಮನೆಯೊಂದರಲ್ಲಿದ್ದೆವು. ತೊಂಬತ್ತರ ದಶಕದ ಮಾತು. ಕಲಬುರಗಿ ಕಡೆಯಿಂದ ದುಡಿಯಲು ಬಂದ ನನ್ನ ಅಪ್ಪ ಕೊಂಢವಾದಲ್ಲಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಅಕ್ಕನಿಗೆ ಆಗ ಹದಿನೆಂಟು. ಅಕ್ಕ ಎಂದರೆ ಯಾರು ಮಕ್ಕಳೇ? ಹೋಮ್‌ವರ್ಕ್ ಮಾಡಿಲ್ಲವೆಂದು ಈಗ ನಿಮ್ಮನ್ನು ಗದರುತ್ತಾಳಲ್ಲ, ಅದೇ ನಿಮ್ಮ ಅಜ್ಜಿ!

ಅಪ್ಪ ಕೆಲಸದ ಜಾಗದಿಂದ ಒಡೆದ ಟೈಲ್ಸ್ ಚೂರು, ಡಬ್ಬಿಯ ತಳದಲ್ಲಿ ಉಳಿದ ಪೇಂಟು ತಂದುಕೊಡುತ್ತಿದ್ದ. ಅಕ್ಕ ಅದರ ಮೇಲೆ ಗುಬ್ಬಿ, ಎಮ್ಮೆ, ಜೋಳದ ತೆನೆ ಬರೆಯುತ್ತಿದ್ದಳು. ರೊಟ್ಟಿಗೂ ಪೇಂಟಿನ ವಾಸನೆ ಹತ್ತಿದೆ ಎಂದು ಅವ್ವ ಬೈಯುತ್ತಿದ್ದಳು. ಚಿತ್ರ ಬರೆಯುವುದನ್ನು ಸರಿಯಾಗಿ ಕಲಿಯಬೇಕೆಂದು ಅಕ್ಕ ಹಟ ಹಿಡಿದಾಗ ಅಪ್ಪ ಒಂದೇ ಮಾತು ಹೇಳಿದ: “ಒಬ್ಬರರೆ ನಿನ್ನ ಚಿತ್ರ ಮೆಚ್ಚಿ ಮನಿಗಿ ಬರಲಿ, ಕಲಿಲಾಕ ಕಳಸ್ತೀನಿ. ಇಲ್ಲಂದ್ರ ಬ್ಯಾಸಗಿಗಿ ಲಗ್ನ.”

ಸಂಕ್ರಾಂತಿ ಬಂತು. ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರಿಗೆ ಸಣ್ಣದೊಂದು ವಸ್ತು ಕೊಟ್ಟು ಕಳಿಸುವುದು ಅಲ್ಲಿನ ಪದ್ಧತಿ. ಉಳಿದವರು ಬಾಚಣಿಕೆಯನ್ನೋ ಸ್ಟೀಲ್ ಬಟ್ಟಲನ್ನೋ ಕೊಡುತ್ತಿದ್ದರು. ನಾವು ಚಿತ್ರದ ಚೂರುಗಳನ್ನೇ ಕೊಡೋಣ ಎಂದಳು ಅಕ್ಕ. ಬಿಡಿಗಾಸಿನ ಖರ್ಚಿಲ್ಲದೆ ಅವಳ ಚಿತ್ರ ಮನೆಮನೆ ಸೇರುತ್ತಿತ್ತು. ಎಂಥ ತಲೆ ನೋಡಿ ಅವಳದು!

ಚೂರುಗಳ ಹಿಂದೆ ಹೆಸರು, ಗಲ್ಲಿ ಬರೆಯುವ ಕೆಲಸ ನನ್ನದು. ಅಕ್ಕ ಊರಲ್ಲಿ ಮೂರನೆಯ ತರಗತಿಗೇ ಶಾಲೆ ಬಿಟ್ಟವಳು, ಮರಾಠಿ ಓದಲು ಬಾರದು. ನಾನೋ ಮರಾಠಿ ಶಾಲೆಯ ಪಂಡಿತ! ಅವಳ ಹೆಸರು ಬರೆ ಎಂದರೆ ಎಲ್ಲದರ ಹಿಂದೆಯೂ ಅಪ್ಪನ ಹೆಸರು ಬರೆದೆ. ಕೆಟ್ಟ ಬುದ್ಧಿಯಿಂದಲ್ಲ. ನಮ್ಮ ಕೇರಿಯಲ್ಲಿ ಮನೆ ಹುಡುಕುವವರು ಅಪ್ಪಂದಿರ ಹೆಸರು ಹೇಳಿಯೇ ಹುಡುಕುತ್ತಿದ್ದರು. ಅಕ್ಕನ ಹೆಸರು ಯಾರಿಗೆ ಗೊತ್ತಿತ್ತು?

ನಾಲ್ಕೈದು ದಿನ ಕಳೆದು ಒಂದು ಮಧ್ಯಾಹ್ನ, ಇಸ್ತ್ರಿ ಸೀರೆಯ ಹೆಂಗಸೊಬ್ಬರು ಗುಬ್ಬಿಯ ಚೂರು ಹಿಡಿದು ಬಂದರು. ಡ್ರಾಯಿಂಗ್ ಟೀಚರಂತೆ. ಅವರ ಮನೆಗೆಲಸದಾಕೆ ಅದನ್ನು ನಮ್ಮಲ್ಲಿಂದ ಒಯ್ದಿದ್ದಳು. ಅಕ್ಕ ನಳದ ಹತ್ತಿರ ನೀರಿನ ಸಾಲಿನಲ್ಲಿದ್ದಳು, ಮನೆಯಲ್ಲಿ ನಾನೊಬ್ಬನೇ. ಟೀಚರ್ ಹಿಂದಿನ ಹೆಸರು ಓದಿ, “ಇವರು ನಿಮ್ಮ ತಂದೆಯವರಾ? ಚಿತ್ರ ಅವರೇ ಬರೆದದ್ದಾ?” ಎಂದು ಮರಾಠಿಯಲ್ಲಿ ಕೇಳಿದರು.

ನಮ್ಮಪ್ಪನನ್ನು ಎಲ್ಲರೂ “ಏ” ಎಂದೇ ಕರೆಯುತ್ತಿದ್ದರು. ಸಿಮೆಂಟು ತಿಂದ ಕೈ ಅವನದು. ಅಂಥವನನ್ನು ಒಬ್ಬರು ‘ತಂದೆಯವರು’ ಎಂದರಲ್ಲ, ನನ್ನ ಎದೆ ಉಬ್ಬಿತು. ಹೌದು ಎಂದುಬಿಟ್ಟೆ.

“ಯಾರೋ ಹುಡುಗಿಯ ಕೈ ಅಂದುಕೊಂಡೆ. ಭಾನುವಾರ ಹುಡುಗಿಯರಿಗೆ ಪುಕ್ಕಟೆ ಕಲಿಸುತ್ತೇನೆ. ಇರಲಿ, ಚೆನ್ನಾಗಿದೆಯೆಂದು ಅವರಿಗೆ ಹೇಳು,” ಎಂದು ನಕ್ಕು ಹೊರಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಓಡಿಹೋಗಿ ಕರೆಯಬಹುದಿತ್ತು. ಸುಳ್ಳು ಬಯಲಾಗುವ ಭಯಕ್ಕೆ ಬಾಗಿಲಲ್ಲೇ ನಿಂತೆ.

ಕೊಡ ಇಳಿಸುತ್ತ ಅಕ್ಕ ಕೇಳಿದಳು, “ಯಾರರೆ ಬಂದಿದ್ರೇನೋ?”

“ಇಲ್ಲ” ಎಂದೆ. ಅವಳು ದಿನವೂ ಕೇಳಿದಳು, ನಾನು ದಿನವೂ ಇಲ್ಲ ಎಂದೆ. ಆ ಬೇಸಿಗೆಯಲ್ಲಿ ಅವಳ ಲಗ್ನವಾಯಿತು.

ನೀವೀಗ ಚಿತ್ರದ ಬಣ್ಣ ಒಣಗುವ ಮೊದಲೇ ಫೋಟೊ ತೆಗೆದು, ನಿಮ್ಮದೇ ಹೆಸರು ಹಾಕಿ ಮೊಬೈಲಿನಲ್ಲಿ ಬಿಡುತ್ತೀರಿ. ಸಂಜೆಯೊಳಗೆ ಎಲ್ಲೆಲ್ಲಿಯವರೋ ಭೇಷ್ ಎನ್ನುತ್ತಾರೆ. ನೋಡಿದರೆ ನನಗೆ ಖುಷಿ, ಜೊತೆಗೇ ಆ ಗುಬ್ಬಿಯ ಚೂರಿನ ನೆನಪು. ನಿನ್ನೆ ನೀವು ಅಜ್ಜಿಯ ಕೈಗೆ ಬ್ರಷ್ ಕೊಡಲು ಹೋದಿರಿ. ಅವಳು, “ನನಗೆಲ್ಲಿ ಬರ್ತದ್ರೋ? ಬರ್ತಿದ್ರ ಆವತ್ತೇ ಯಾರರೆ ಒಬ್ಬರು ಕೇಳ್ಕೋತ ಬರ್ತಿದ್ರು” ಎಂದು ನಕ್ಕಳು.

ನಾನು ಅಲ್ಲೇ ಪಕ್ಕದಲ್ಲಿ ಕೂತಿದ್ದೆ. ಒಬ್ಬರು ಬಂದಿದ್ದರು ಅಕ್ಕ ಎನ್ನಲು ನನಗೆ ನಿನ್ನೆಯೂ ಬಾಯಿ ಬರಲಿಲ್ಲ.